ಗವಾಯಿಗಳ ಗುರುಕುಲವೂ ನಮ್ಮ ವಿದ್ಯಾಪೀಠವೂ

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೂ, ಅದನ್ನು ಕಟ್ಟಿ ಬೆಳೆಸಿದ ಪಂಚಾಕ್ಷರಿ ಗವಾಯಿಗಳವರನ್ನೂ ಪುಟ್ಟರಾಜ ಗವಾಯಿಗಳವರನ್ನೂ ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆ ಅಲ್ಪವೇನೂ ಅಲ್ಲ. ಜೀವನಚರಿತ್ರೆಗಳಿವೆ, ಅಭಿನಂದನ ಸಂಪುಟಗಳಿವೆ, ಪುಣ್ಯತಿಥಿಗೆ ಬರುವ ಪತ್ರಿಕಾ ಲೇಖನಗಳಿವೆ. ಕಣ್ಣಿನ ಕಲೆಯಾದ ಚಲನಚಿತ್ರವೂ 1995ರಲ್ಲಿ ಪಂಚಾಕ್ಷರಿ ಗವಾಯಿಗಳವರ ಬಾಳನ್ನು ವಸ್ತುವಾಗಿ ಆರಿಸಿಕೊಂಡು, ತನ್ನ ಸಂಗೀತಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಈ ಬರವಣಿಗೆಯಲ್ಲಿ ಭಕ್ತಿಯಿದೆ, ಕೃತಜ್ಞತೆಯಿದೆ. ಅವುಗಳ ಬಗೆಗೆ ನಮ್ಮ ಆಕ್ಷೇಪವಿಲ್ಲ. ಆದರೆ ಅದರಲ್ಲಿ ಬಹುಮಟ್ಟಿಗೆ ಎಲ್ಲೆಡೆಯೂ ಒಂದು ಮಾತು ಮರುಕಳಿಸುತ್ತದೆ: ಕಣ್ಣಿಲ್ಲದವರು ಇಷ್ಟನ್ನು ಸಾಧಿಸಿದ್ದು ಒಂದು ಪವಾಡ. ಈ ಒಂದು ಶಬ್ದವನ್ನು ಇಲ್ಲಿ ಪರೀಕ್ಷೆಗೆ ಒಳಪಡಿಸಬೇಕೆಂಬುದು ನಮ್ಮ ಉದ್ದೇಶ. ಇದು ಬರಿಯ ಶಬ್ದದ ಜಗಳವಲ್ಲ. ಪವಾಡವನ್ನು ಯಾರೂ ಪಠ್ಯಕ್ರಮದಲ್ಲಿ ಅಳವಡಿಸಲಾರರು, ಪದ್ಧತಿಯನ್ನಾದರೆ ಅಳವಡಿಸಬಹುದು. ಗದುಗಿನಲ್ಲಿ ನಡೆದದ್ದು ಪದ್ಧತಿಯೆಂದು ಒಪ್ಪಿಕೊಂಡ ಮರುಗಳಿಗೆಯೇ ನಮ್ಮ ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ಉತ್ತರ ಹೇಳಬೇಕಾದ ಪ್ರಶ್ನೆಗಳು ಏಳುತ್ತವೆ.

ಮೊದಲು ಸಂಗತಿಗಳನ್ನು ನೋಡೋಣ. ಪಂಚಾಕ್ಷರಿ ಗವಾಯಿಗಳವರು 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಅಣ್ಣತಮ್ಮಂದಿರಿಬ್ಬರಿಗೂ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲಿನ ಕುಮಾರಸ್ವಾಮಿಗಳವರು ಈ ಹುಡುಗರ ಕಂಠವನ್ನು ಗುರುತಿಸಿ ಅವರ ಶಿಕ್ಷಣದ ಹೊಣೆಯನ್ನು ಹೊತ್ತರು. ಗವಾಯಿಗಳವರು ಕರ್ನಾಟಕ ಸಂಗೀತವನ್ನು ಕಲಿತರು. ಆಮೇಲೆ ನೀಲಕಂಠ ಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನು ಅಭ್ಯಾಸ ಮಾಡಿದರು. ತಾವು ಕಲಿತದ್ದನ್ನು ಕಲಿಸುವುದಕ್ಕಾಗಿ ಊರಿಂದೂರಿಗೆ ಸಾಗುವ ಒಂದು ಪಾಠಶಾಲೆಯನ್ನೇ ಕಟ್ಟಿದರು. ಅದು ಗದುಗಿನಲ್ಲಿ ನೆಲೆಯೂರಿದ್ದು 1940ರ ದಶಕದ ಮೊದಲ ವರ್ಷಗಳಲ್ಲಿ. 1944ರಲ್ಲಿ ಅವರು ದೇಹವಿಟ್ಟ ಮೇಲೆ ಆಶ್ರಮದ ಭಾರ ಪುಟ್ಟರಾಜ ಗವಾಯಿಗಳವರ ಮೇಲೆ ಬಿದ್ದಿತು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡಿದ್ದ ಅವರು, 2010ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೆ ಅರುವತ್ತಾರು ವರ್ಷ ಅದನ್ನು ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತ್ತು.

ಇದರಲ್ಲಿ ಪವಾಡ ಎಲ್ಲಿದೆ? ಪ್ರತಿಭೆಯುಂಟು, ಪ್ರತಿಭೆ ಎಲ್ಲಿದ್ದರೂ ಅಚ್ಚರಿಯೇ. ಆದರೆ ಅದರ ಸುತ್ತ ಏನೇನಿತ್ತೆಂಬುದನ್ನು ನಮ್ಮ ಚರಿತ್ರಕಾರರು ಸಾಲದಷ್ಟು ಹೇಳಿದ್ದಾರೆ. ಕೈಹಿಡಿದು ಗುರುವಿನ ಮನೆಗೆ ಕಳಿಸಿದವರಿದ್ದರು. ಊಟ ವಸತಿಗಳ ಚಿಂತೆ ವಿದ್ಯಾರ್ಥಿಯದಾಗಿರಲಿಲ್ಲ. ಕಾಲದ ಮಿತಿ ಇರಲಿಲ್ಲ. ಮೂರು ವರ್ಷಕ್ಕೆ ಪದವಿ ಮುಗಿಯಬೇಕೆಂಬ ನಿರ್ಬಂಧವಿಲ್ಲದೆ, ರಾಗ ಕೈವಶವಾಗುವವರೆಗೆ ಕಲಿಯಬಹುದಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಪಾಠವು ಕಿವಿಯಿಂದ ಕಿವಿಗೆ ಹೋಗುತ್ತಿತ್ತು. ಗುರು ಹಾಡಿದ್ದನ್ನು ಶಿಷ್ಯನು ಹಾಡಿ ಒಪ್ಪಿಸುವ ಕ್ರಮದಲ್ಲಿ ಕಣ್ಣುಳ್ಳವನಿಗೆ ಯಾವ ಹೆಚ್ಚಿನ ಅನುಕೂಲವೂ ಇಲ್ಲ. ಇನ್ನು ಹಣದ ಮಾತು: ನಾಟಕ ಸಂಘವನ್ನು ಕಟ್ಟಿ, ಊರೂರು ತಿರುಗಿ, ಅದರ ಉತ್ಪನ್ನದಿಂದ ಆಶ್ರಮದ ಮಕ್ಕಳಿಗೆ ಅನ್ನವಿಕ್ಕಿದರು, ಮುಂದೆ ಭಕ್ತರು ಮಾಡಿದ ನೂರಾರು ತುಲಾಭಾರಗಳ ಹಣವೂ ಆ ಅನ್ನಕ್ಕೇ ಸಂದಿತು. ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾಣುವುದು ಆಲೋಚಿಸಿ ಕಟ್ಟಿದ ಒಂದು ವಿದ್ಯಾವ್ಯವಸ್ಥೆ. ಅದನ್ನು ಪವಾಡವೆಂದು ಕರೆದು ಕೈಮುಗಿಯುವುದರಿಂದ ಗವಾಯಿಗಳವರ ಹಿರಿಮೆ ಹೆಚ್ಚುವುದಿಲ್ಲ. ಅವರು ಪಟ್ಟ ಶ್ರಮ ಮರೆಯಾಗುತ್ತದೆ, ಅಷ್ಟೆ.

ಈ ವ್ಯವಸ್ಥೆಯ ಇನ್ನೊಂದು ಮುಖ ಇದಕ್ಕಿಂತಲೂ ಗಮನಾರ್ಹವಾದುದು. ಅಂಗವೈಕಲ್ಯವುಳ್ಳವರನ್ನು ಉನ್ನತ ಶಿಕ್ಷಣದಲ್ಲಿ ‘ಒಳಗೊಳ್ಳುವುದು’ ಎಂಬ ಮಾತು ಇಂದು ಎಲ್ಲರ ಬಾಯಲ್ಲೂ ಇದೆ. ಆ ಮಾತಿನ ಹಿಂದೆ ಒಂದು ಚಿತ್ರವಿದೆ: ಒಳಗೆ ನಾವಿದ್ದೇವೆ, ಹೊರಗೆ ಅವರಿದ್ದಾರೆ, ಬಾಗಿಲು ತೆರೆಯುವವರು ನಾವು. ಗದುಗಿನಲ್ಲಿ ಈ ಚಿತ್ರ ತಿರುಗುಮುರುಗಾಗಿದೆ. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳವರ ಶಿಷ್ಯರು, ಇಂದಿನ ಎಂ. ವೆಂಕಟೇಶಕುಮಾರರು ಪುಟ್ಟರಾಜ ಗವಾಯಿಗಳವರ ಬಳಿ ಹನ್ನೆರಡು ವರ್ಷಗಳ ಕಾಲ ಕಲಿತವರು. ಇವರಿಬ್ಬರೂ ಕಣ್ಣುಳ್ಳವರು. ಅಂದರೆ ಇಲ್ಲಿ ಕಣ್ಣಿಲ್ಲದವರು ಕಟ್ಟಿದ ಮನೆಗೆ ಕಣ್ಣುಳ್ಳವರು ಪ್ರವೇಶ ಬೇಡಿ ಬಂದರು; ಅಲ್ಲಿಯ ಕ್ರಮಕ್ಕೆ ತಮ್ಮನ್ನು ಹೊಂದಿಸಿಕೊಂಡರು; ಹಿಂದುಸ್ತಾನಿ ಸಂಗೀತದ ಮೊದಲ ಪಂಕ್ತಿಯಲ್ಲಿ ಕುಳಿತರು. ಒಳಗು ಯಾವುದು, ಹೊರಗು ಯಾವುದು ಎಂಬುದು ಮನೆಯನ್ನು ಯಾರು ಕಟ್ಟಿದರು ಎಂಬುದರ ಮೇಲೆ ನಿಂತಿದೆ. ಈ ದೃಷ್ಟಿಯಿಂದ ಗವಾಯಿಗಳ ಚರಿತ್ರೆಯನ್ನು ಬರೆದ ಗ್ರಂಥ ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಈಜಿಪ್ಟಿನ ತಾಹಾ ಹುಸೇನರ ಉದಾಹರಣೆಯನ್ನು ಇಲ್ಲಿ ನೆನೆಯಬಹುದು. ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡ ಅವರು ಕೈರೋದ ಅಲ್ ಅಜ್ಹರದಲ್ಲಿ ಕಲಿತರು. ಕಂಠಪಾಠವೂ ಶ್ರವಣವೂ ಪ್ರಧಾನವಾಗಿದ್ದ ಆ ಹಳೆಯ ವಿದ್ಯಾಕೇಂದ್ರದಲ್ಲಿ ಕಣ್ಣಿಲ್ಲದ ವಿದ್ಯಾರ್ಥಿ ವಿಚಿತ್ರ ವ್ಯಕ್ತಿಯೇನೂ ಆಗಿರಲಿಲ್ಲ. ಮುಂದೆ 1914ರಲ್ಲಿ ಅವರು ಹೊಸ ಈಜಿಪ್ಷಿಯನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದದ್ದು ಅಲ್ ಮಅರ್ರಿ ಎಂಬ ಪ್ರಾಚೀನ ಕವಿಯನ್ನು ಕುರಿತ ಪ್ರಬಂಧಕ್ಕೆ. ಆ ಕವಿಯೂ ಕಣ್ಣಿಲ್ಲದವನು. 1950ರಲ್ಲಿ ತಾಹಾ ಹುಸೇನರು ತಮ್ಮ ದೇಶದ ಶಿಕ್ಷಣಮಂತ್ರಿಗಳಾದರು. ಪುರಾತನ ಪದ್ಧತಿಗಳಲ್ಲಿ ದೋಷಗಳು ಹೇರಳವಾಗಿದ್ದವು, ನಾವು ಅವುಗಳ ವಕೀಲರಲ್ಲ. ಆದರೆ ಅಚ್ಚಿನ ಪುಸ್ತಕ, ಕರಿಹಲಗೆ, ಲಿಖಿತ ಪರೀಕ್ಷೆ ಈ ಮೂರರ ಮೇಲೆ ನಿಂತ ಆಧುನಿಕ ವಿದ್ಯಾಲಯವೇ ಕಣ್ಣಿಲ್ಲದಿರುವುದನ್ನು ವಿದ್ಯೆಗೆ ಅನರ್ಹತೆಯನ್ನಾಗಿ ಮಾಡಿತೆಂಬುದನ್ನು ಮಾತ್ರ ಹೇಳಲೇಬೇಕು.

ನಮ್ಮ ಸಾಹಿತ್ಯವಿಮರ್ಶೆಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಧೃತರಾಷ್ಟ್ರನ ಕುರುಡನ್ನು ಪುತ್ರವ್ಯಾಮೋಹದ ಸಂಕೇತವೆಂದು ಓದುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಬೇರೆ ಓದು ಸಾಧ್ಯವೆಂಬುದೇ ಹೊಳೆಯುವುದಿಲ್ಲ. ಕಣ್ಣಿಲ್ಲವೆಂಬ ಕಾರಣಕ್ಕೆ ಹಿರಿಯ ಮಗನಾಗಿಯೂ ರಾಜ್ಯದಿಂದ ವಂಚಿತನಾದವನು ಅವನು. ಅನ್ಯಾಯ ಅಲ್ಲಿ ಮೊದಲಾಗಿದೆ; ವ್ಯಾಮೋಹ ಆಮೇಲಿನದು. ವ್ಯಾಸಭಾರತದ ಯುದ್ಧಪರ್ವಗಳ ಕಥನವೆಲ್ಲವೂ ಸಂಜಯನು ಈ ಕಣ್ಣಿಲ್ಲದ ಶ್ರೋತೃವಿಗೆ ಮಾಡಿದ ನಿರೂಪಣೆ. ಕೇಳುವವನಿಗೆ ಕಾಣದು ಎಂಬ ಕಾರಣದಿಂದಲೇ ಅಲ್ಲಿಯ ಯುದ್ಧವರ್ಣನೆ ಅಷ್ಟು ಸಾಂಗವಾಗಿದೆ ಎಂದು ಯಾರಾದರೂ ವಾದಿಸಿದರೆ ನಾವು ಅದನ್ನು ಸುಲಭವಾಗಿ ತಳ್ಳಿಹಾಕಲಾರೆವು. ಸಂಕೇತವಾಗಿ ಕುರುಡನ್ನು ಬಳಸುವ ಚಟ ಹಿಡಿದ ವಿಮರ್ಶಕನಿಗೆ ತನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತ ವಿದ್ಯಾರ್ಥಿ ಆ ಮಾತನ್ನು ಹೇಗೆ ಕೇಳಿಸಿಕೊಂಡಾನೆಂಬ ಯೋಚನೆ ಬರುವುದು ಅಪೂರ್ವ.

ಶಬ್ದಗಳ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇವೆ. ‘ಅಂಗವಿಕಲ’ ಎಂಬುದು ಒರಟೆಂದು ತೋರಿ, ನಮ್ಮ ರಾಜ್ಯದ ಆಡಳಿತಭಾಷೆಯಲ್ಲಿ ‘ವಿಕಲಚೇತನ’ ಎಂಬ ಸಮಾಸ ರೂಢಿಗೆ ಬಂದಿದೆ. ಸದುದ್ದೇಶದಿಂದ ಬಂದ ಶಬ್ದವೇ. ಆದರೆ ವಿಗ್ರಹವಾಕ್ಯ ಮಾಡಿ ನೋಡಿದರೆ ವೈಕಲ್ಯವು ಅಂಗವನ್ನು ಬಿಟ್ಟು ಚೇತನಕ್ಕೇ ಅಂಟಿಕೊಂಡಂತಾಗಿದೆ! ವ್ಯಾಕರಣ ಬಲ್ಲವರನ್ನು ಕೇಳಿದ್ದರೆ ಈ ಪ್ರಮಾದ ಆಗುತ್ತಿರಲಿಲ್ಲ. 2015ರ ಕೊನೆಯಿಂದ ಬಳಕೆಗೆ ಬಂದ ‘ದಿವ್ಯಾಂಗ’ವು ಇದರ ವಿರುದ್ಧ ದಿಕ್ಕಿನ ತಪ್ಪು, ಅದು ಮತ್ತೆ ನಮ್ಮನ್ನು ಪವಾಡದ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಗದುಗಿನ ಸುತ್ತಿನ ಜನ ಪುಟ್ಟರಾಜ ಗವಾಯಿಗಳವರನ್ನು ‘ಅಜ್ಜಾರು’ ಎಂದು ಕರೆದರು. ಕಣ್ಣಿನ ಸಂಗತಿಯನ್ನು ಹೇಳಬೇಕಾದಾಗ ‘ಕಣ್ಣಿಲ್ಲ’ ಎಂದು ನೇರವಾಗಿ ಹೇಳಿದರು. ಆ ನೇರ ಮಾತಿನಲ್ಲಿ ನಮಗೆ ಯಾವ ಅಗೌರವವೂ ಕಾಣದು.

ಇನ್ನು ನಮ್ಮ ವಿದ್ಯಾಪೀಠಗಳ ಕಡೆಗೆ ತಿರುಗೋಣ. ಕರ್ನಾಟಕ ವಿಶ್ವವಿದ್ಯಾಲಯವು 1975ರಲ್ಲಿ ಪುಟ್ಟರಾಜ ಗವಾಯಿಗಳವರಿಗೆ ಗೌರವ ಡಾಕ್ಟರೇಟ್ ಅರ್ಪಿಸಿತು. ಯೋಗ್ಯವಾದ ಕೆಲಸ. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥರಚನೆ ಮಾಡಿದ, ಬ್ರೈಲ್ ಲಿಪಿಯನ್ನು ಬಲ್ಲ, ಭಗವದ್ಗೀತೆಯನ್ನು ಆ ಲಿಪಿಗೆ ತಂದ ವಿದ್ವಾಂಸರಿಗೆ ಅದು ಸಲ್ಲತಕ್ಕದ್ದೇ. ಆದರೆ ಅವರಂಥವರು ಇಪ್ಪತ್ತು ವರ್ಷದ ವಯಸ್ಸಿನಲ್ಲಿ ಆ ಕಾಲದ ಯಾವುದೇ ಕಾಲೇಜಿಗೆ ಬಂದು ಕನ್ನಡ ಅಥವಾ ಸಂಸ್ಕೃತ ಓದಬೇಕೆಂದಿದ್ದರೆ ಯಾವ ಪುಸ್ತಕವನ್ನು ಅವರ ಕೈಗೆ ಕೊಡಬಹುದಾಗಿತ್ತು? ಗೌರವ ಪದವಿಗೆ ಹಾಜರಿ ಬೇಕಿಲ್ಲ, ಪಠ್ಯಪುಸ್ತಕ ಬೇಕಿಲ್ಲ, ಪರೀಕ್ಷೆ ಬೇಕಿಲ್ಲ. ಸಾಧಿಸಿ ಮುಗಿಸಿದವರನ್ನು ಸನ್ಮಾನಿಸುವುದು ಸುಲಭ. ಸಾಧಿಸಲು ಹೊರಟವನಿಗೆ ಪುಸ್ತಕ ಒದಗಿಸುವುದು ಕಷ್ಟ.

ಗದಗ ತಾಲ್ಲೂಕಿನ ಹೊಂಬಳದಂಥ ಊರಿನಿಂದ ಹೊರಟ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಅವಳಿಗೆ ಕಣ್ಣಿಲ್ಲ. ಗದುಗಿನ ಆಶ್ರಮದ ಹೆಸರನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಾಳೆ. ಅವಳನ್ನು ಕಂಡವರೆಲ್ಲ “ಹಾಡೂದ್ ಕಲಿಸ್ರಿ” ಎಂದು ತಂದೆತಾಯಿಗಳಿಗೆ ಹೇಳಿದ್ದಾರೆ. ಆದರೆ ಅವಳಿಗೆ ಸಂಗೀತ ಒಲಿದಿಲ್ಲ, ಹಳಗನ್ನಡ ಒಲಿದಿದೆ. ಗದುಗಿನ ಉದಾಹರಣೆಯ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ. ಒಂದು ಮಹತ್ತಾದ ದಾರಿ ತೆರೆದದ್ದರಿಂದಲೇ ಬೇರೆ ದಾರಿಗಳನ್ನು ತೆರೆಯುವ ಅಗತ್ಯವಿಲ್ಲವೆಂಬ ಭಾವನೆ ಸಮಾಜದಲ್ಲಿ ನೆಲೆಸಿತು. ಕಣ್ಣಿಲ್ಲದವನಿಗೆ ಹಾರ್ಮೋನಿಯಂ ಎಂಬುದು ವಿಧಿಯಂತಾಯಿತು. ಇದು ಗವಾಯಿಗಳವರ ದೋಷವಲ್ಲ, ನಮ್ಮದು. ಜೊತೆಗೆ, ಆ ಗುರುಕುಲ ನಡೆದದ್ದು ಭಕ್ತರ ಔದಾರ್ಯದ ಮೇಲೆ, ಔದಾರ್ಯವು ಹಕ್ಕಲ್ಲ. ಕಿವಿ ಕೇಳದವರಿಗೆ ಆ ಪದ್ಧತಿಯಿಂದ ಏನೂ ಒದಗದೆಂಬುದನ್ನೂ ಮರೆಯಬಾರದು. ಅವರ ವಿಷಯ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ.

ಹಕ್ಕಿನ ಮಾತನ್ನು ಕಾನೂನು ಹೇಳಿದೆ. 1995ರ ಅಧಿನಿಯಮವು ಶಿಕ್ಷಣಸಂಸ್ಥೆಗಳಲ್ಲಿ ಶೇಕಡಾ 3ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. 2016ರ ಅಧಿನಿಯಮವು ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅದನ್ನು ಶೇಕಡಾ 5ಕ್ಕೆ ಏರಿಸಿತು, ಏಳು ಬಗೆಯ ವೈಕಲ್ಯಗಳ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ವಿಸ್ತರಿಸಿತು. ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ ಸಂಸ್ಥೆಯು ತನ್ನ ಕ್ರಮವನ್ನು ಸಮಂಜಸವಾಗಿ ಹೊಂದಿಸಿಕೊಳ್ಳಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2021ರ ವಿಕಾಶ್ ಕುಮಾರ್ ಪ್ರಕರಣದಲ್ಲಿ ಬಲವಾಗಿ ಎತ್ತಿಹಿಡಿಯಿತು. ಇಳಿಜಾರು ದಾರಿ, ಲಿಫ್ಟು, ಶೌಚಾಲಯಗಳ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. ಅವು ಇರಬೇಕು, ಇಲ್ಲದಿದ್ದರೆ ಕಟ್ಟಬೇಕು. ನಮ್ಮ ಚರ್ಚೆಗೆ ಹೆಚ್ಚು ಪ್ರಸಕ್ತವಾದದ್ದು ಪಾಠ, ಪುಸ್ತಕ, ಪರೀಕ್ಷೆ.

ಪರೀಕ್ಷೆಯನ್ನೇ ಮೊದಲು ತೆಗೆದುಕೊಳ್ಳೋಣ. ಬರೆಯಲಾರದ ವಿದ್ಯಾರ್ಥಿಗೆ ಲಿಪಿಕಾರ, ಎಂದರೆ ಕಛೇರಿಯ ಮಾತಿನ ಸ್ಕ್ರೈಬ್, ಒದಗುತ್ತಾನೆ. ಗಂಟೆಗೆ 20 ನಿಮಿಷದಂತೆ ಹೆಚ್ಚಿನ ಕಾಲ ದೊರೆಯುತ್ತದೆ. 2018ರ ಮಾರ್ಗಸೂಚಿಯು ಅಭ್ಯರ್ಥಿಯೇ ಕರೆತರುವ ಲಿಪಿಕಾರನ ವಿದ್ಯಾರ್ಹತೆ ಒಂದು ಹಂತ ಕಡಿಮೆಯಿರಬೇಕೆಂದು ವಿಧಿಸಿತು. ನಕಲನ್ನು ತಡೆಯುವ ಉದ್ದೇಶ ಅದರ ಹಿಂದಿದೆ, ಅದು ಅರ್ಥವಾಗುತ್ತದೆ. ಆದರೆ ಕನ್ನಡ ಎಂ.ಎ. ಪರೀಕ್ಷೆಯಲ್ಲಿ ಇದರ ಫಲವೇನು? ವಿದ್ಯಾರ್ಥಿನಿ ಪಂಪನ ಒಂದು ವೃತ್ತವನ್ನು ಉದಾಹರಿಸುತ್ತಾಳೆ. ಬರೆಯುವವನು ವಿಜ್ಞಾನವನ್ನೋ ವಾಣಿಜ್ಯವನ್ನೋ ಓದಿದ ಹುಡುಗ. ಶಕಟರೇಫವನ್ನೂ ರೞವನ್ನೂ ಅವನು ಎಂದೂ ಬರೆದಿಲ್ಲ. ಱಕಾರದ ಜಾಗದಲ್ಲಿ ರಕಾರ, ೞಕಾರದ ಜಾಗದಲ್ಲಿ ಳಕಾರ ಬೀಳುತ್ತವೆ. ಒತ್ತು ಬಿಟ್ಟುಹೋಗಿ ಗುರು ಲಘುವಾಗುತ್ತದೆ. ಮೌಲ್ಯಮಾಪಕನು ಛಂದೋಭಂಗವೆಂದು ಅಂಕ ಕಳೆಯುತ್ತಾನೆ. ತಪ್ಪು ಯಾರದು, ಅಂಕ ಹೋದದ್ದು ಯಾರಿಗೆ? ಮೌಖಿಕವಾಗಿ ಉತ್ತರ ಹೇಳಿಸಿ ಮುದ್ರಿಸಿಕೊಳ್ಳುವುದು, ಅಥವಾ ಗಣಕಯಂತ್ರದ ಕೀಲಿಮಣೆಯ ಮೇಲೆ ಅವಳೇ ಬರೆಯುವಂತೆ ಮಾಡುವುದು ಅಸಾಧ್ಯವೇ? ಪಿಎಚ್.ಡಿ.ಗೆ ನಾವು ಮೌಖಿಕ ಪರೀಕ್ಷೆಯನ್ನು ನಂಬುತ್ತೇವೆ; ಎಂ.ಎ.ಗೆ ಮಾತ್ರ ಏಕೋ ನಂಬಿಕೆ ಬಾರದು.

ಪಾಠದ ಮಾತು ಇದಕ್ಕಿಂತ ನಮಗೆ ಹತ್ತಿರದ್ದು. ಛಂದಸ್ಸನ್ನು ನಾವು ಕಲಿಸುವ ಕ್ರಮವನ್ನು ನೋಡಿ. ಪದ್ಯವನ್ನು ಹಲಗೆಯ ಮೇಲೆ ಬರೆದು, ಅಕ್ಷರಗಳ ತಲೆಯ ಮೇಲೆ ಲಘುಗುರುಗಳ ಗುರುತು ಹಾಕಿ, “ಇಲ್ಲಿ ನೋಡಿ” ಎಂದು ಕಡ್ಡಿಯಿಂದ ತೋರಿಸುತ್ತೇವೆ. ನಮ್ಮಲ್ಲಿ ಬಹುಮಂದಿ ಮಾಡುವುದು ಹೀಗೆಯೇ. ಈ ಲೇಖನ ಬರೆಯುತ್ತಿರುವ ನಾವೂ ಅದಕ್ಕೆ ಹೊರತಲ್ಲ. ಮಾತ್ರೆಯೆಂಬುದು ಕಾಲದ ಪ್ರಮಾಣ, ಕಿವಿಯ ವಿಷಯ. ಅದನ್ನು ಕಣ್ಣಿನ ವಿಷಯವನ್ನಾಗಿ ಮಾಡಿದವರು ನಾವು. ಗದುಗಿನ ವೀರನಾರಾಯಣನ ಸನ್ನಿಧಿಯೊಡನೆ ಹೆಣೆದುಕೊಂಡ ಕುಮಾರವ್ಯಾಸನ ಕಾವ್ಯ ಶತಮಾನಗಳ ಕಾಲ ಜನರಿಗೆ ಮುಟ್ಟಿದ್ದು ಗಮಕಿಗಳ ಕಂಠದಿಂದ. ಭಾಮಿನಿ ಷಟ್ಪದಿಯ ಮೂರುನಾಲ್ಕು ಮಾತ್ರೆಗಳ ನಡೆಯನ್ನು ಕೈತಾಳದಲ್ಲಿ ಹಾಕಿ ತೋರಿದರೆ, ನಾಲ್ಕು ಚಿಕ್ಕ ಸಾಲುಗಳ 56, ಎರಡು ದೊಡ್ಡ ಸಾಲುಗಳ 46, ಒಟ್ಟು 102 ಮಾತ್ರೆಗಳನ್ನು ಕಣ್ಣು ಮುಚ್ಚಿಕೊಂಡೇ ಎಣಿಸಬಹುದು. ಹಾಗೆ ಕಲಿಸಿದರೆ ಕಣ್ಣಿಲ್ಲದ ಒಬ್ಬಳಿಗೆ ಮಾತ್ರ ಉಪಕಾರವಾಗುವುದಿಲ್ಲ. ಗುರುತು ಹಾಕುವುದರಲ್ಲಿ ನೂರಕ್ಕೆ ನೂರು ಪಡೆದು, ಪದ್ಯವನ್ನು ಓದಿಸಿದರೆ ಎಡವುವ ಕಣ್ಣುಳ್ಳ ವಿದ್ಯಾರ್ಥಿಗಳು ಎಷ್ಟು ಜನ ಎಂಬುದು ಅಧ್ಯಾಪಕರೆಲ್ಲರಿಗೂ ಗೊತ್ತಿದೆ. ಶಾಸನಶಾಸ್ತ್ರದಲ್ಲಿಯೂ ಇದೇ ಮಾತು. ಲಕ್ಕುಂಡಿಯಲ್ಲಿ, ಗದುಗಿನ ತ್ರಿಕೂಟೇಶ್ವರದಲ್ಲಿ ಅಕ್ಷರಗಳು ಕಲ್ಲಿನಲ್ಲಿ ಕೊರೆದಿವೆ. ಬೆರಳಿಗೆ ಸಿಗುವ ಅಕ್ಷರಗಳನ್ನು ಬಿಟ್ಟು ನಾವು ತರಗತಿಗೆ ಛಾಯಾಚಿತ್ರವನ್ನು ಒಯ್ಯುತ್ತೇವೆ. ಸವೆದ ಕಲ್ಲನ್ನು ಬೆರಳು ಎಷ್ಟರಮಟ್ಟಿಗೆ ಓದಬಲ್ಲದೆಂಬುದು ಪ್ರಯೋಗದಿಂದ ತಿಳಿಯಬೇಕಾದ ಸಂಗತಿ, ಆದರೆ ಪ್ರಯೋಗಕ್ಕೆ ಯೋಗ್ಯವಾದುದು.

ಪುಸ್ತಕದ ಪ್ರಶ್ನೆ ಉಳಿಯಿತು. ಭಾರತೀಯ ಭಾಷೆಗಳೆಲ್ಲಕ್ಕೂ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಅಂಗೀಕೃತವಾಯಿತು. ಆರು ಚುಕ್ಕಿಗಳ 63 ವಿನ್ಯಾಸಗಳಲ್ಲಿ ಕನ್ನಡದ ವರ್ಣಮಾಲೆ ಅಡಕವಾಗುತ್ತದೆ. ಅಚ್ಚಿನಲ್ಲಿ ಕೆಳಗಿಳಿಯುವ ಒತ್ತಕ್ಷರ ಬ್ರೈಲಿನಲ್ಲಿ ಸಾಲಿನಲ್ಲೇ ನಿಲ್ಲುತ್ತದೆ. ಆದರೆ ಬ್ರೈಲ್ ಗ್ರಂಥ ದಪ್ಪ, ವೆಚ್ಚ ಹೆಚ್ಚು. ಇಂದು ಗಣಕಯಂತ್ರವೇ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಕನ್ನಡಕ್ಕೂ ಇವೆ, ಬೆಲೆಯಿಲ್ಲದೆ ಸಿಗುವಂಥವೂ ಇವೆ. ಇಲ್ಲಿಯೇ ನಮ್ಮ ದೊಡ್ಡ ಅನಾಸ್ಥೆ ಬಯಲಾಗುವುದು. ವರ್ಷಾನುಗಟ್ಟಲೆ ಕನ್ನಡದ ಅಚ್ಚಿನ ಕೆಲಸ ನಡೆದದ್ದು ಯುನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ. ಕಾಗದದ ಮೇಲೆ ಅವು ಅಂದವಾದ ಕನ್ನಡ. ಓದುವ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹಳೆಯ ಗ್ರಂಥಗಳನ್ನು ಅಂತರ್ಜಾಲದಲ್ಲಿ ಏರಿಸಿದ್ದೇವೆಂದು ಹೆಮ್ಮೆಪಡುತ್ತೇವೆ. ಅವುಗಳಲ್ಲಿ ಹೆಚ್ಚಿನವು ಪುಟಗಳ ಚಿತ್ರಗಳಷ್ಟೆ, ಯಂತ್ರಕ್ಕೆ ಅವು ಮೌನ. ಹೊಂಬಳದ ಆ ವಿದ್ಯಾರ್ಥಿನಿ ಇಂಗ್ಲಿಷಿನ ಕಾದಂಬರಿಯನ್ನು ಕೇಳಿ ಓದಬಲ್ಲಳು, ಶಬ್ದಮಣಿದರ್ಪಣವನ್ನು ಓದಲಾರಳು. ಕನ್ನಡದ ಮಗಳಿಗೆ ಕನ್ನಡವೇ ದೂರವಾದ ಈ ಸ್ಥಿತಿಗೆ ಕನ್ನಡ ವಿಭಾಗಗಳಲ್ಲದೆ ಬೇರೆ ಯಾರು ಹೊಣೆ?

ಗ್ರಂಥಸ್ವಾಮ್ಯದ ನೆವವನ್ನು ಹೇಳುವಂತಿಲ್ಲ. ಅಂಗವೈಕಲ್ಯವುಳ್ಳವರು ಓದಬಲ್ಲ ರೂಪಕ್ಕೆ ಕೃತಿಯನ್ನು ಪರಿವರ್ತಿಸಲು 2012ರ ತಿದ್ದುಪಡಿಯೇ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ನಮ್ಮದು. ಕೇಶಿರಾಜನಿಗಂತೂ ಯಾವ ಸ್ವಾಮ್ಯವೂ ಉಳಿದಿಲ್ಲ.

ಆದ್ದರಿಂದ ಕೆಲಸ ಎಲ್ಲಿಂದ ಮೊದಲಾಗಬೇಕೆಂಬುದನ್ನು ಸೂಚಿಸುವ ಸ್ವಾತಂತ್ರ್ಯ ವಹಿಸುತ್ತೇವೆ. ವಿಭಾಗಕ್ಕೆ ಒಪ್ಪಿಸುವ ಪ್ರತಿಯೊಂದು ಪ್ರಬಂಧವೂ, ಪ್ರಸಾರಾಂಗಗಳು ಅಚ್ಚಿಸುವ ಪ್ರತಿಯೊಂದು ಗ್ರಂಥವೂ ಯುನಿಕೋಡ್ ಪಾಠದಲ್ಲಿ ದೊರೆಯುವಂತೆ ನಿಯಮ ಮಾಡುವುದು ಒಂದು ಸಹಿಯ ಕೆಲಸ. ಹಳೆಯ ಗ್ರಂಥಗಳಲ್ಲಿ ಪ್ರಶಸ್ತಿ ಪಡೆದ ಕಾದಂಬರಿಗಳಿಗಿಂತ ಮೊದಲು ಶಬ್ದಮಣಿದರ್ಪಣವನ್ನು ಎತ್ತಿಕೊಳ್ಳಬೇಕೆಂಬುದು ನಮ್ಮ ಮತ. ಅದರ ಸೂತ್ರಗಳೆಲ್ಲ ಕಂದಪದ್ಯಗಳು, ಬಾಯಿಪಾಠಕ್ಕೆಂದೇ ರಚಿತವಾದವು. ಹಳಗನ್ನಡವನ್ನು ಸರಿಯಾಗಿ ಉಚ್ಚರಿಸಬಲ್ಲ ಇಬ್ಬರು ಅಧ್ಯಾಪಕರು ಒಂದು ಬೇಸಗೆಯ ರಜೆಯಲ್ಲಿ ಸೂತ್ರ, ವೃತ್ತಿ, ಪ್ರಯೋಗಗಳನ್ನು ನಿಧಾನವಾಗಿ ಓದಿ ಧ್ವನಿಮುದ್ರಿಸಬಹುದು. ಓದುವಾಗ ಱಕಾರ ರಕಾರಗಳ ಭೇದವನ್ನು ಹೇಗೆ ತೋರಿಸಬೇಕೆಂಬ ತೊಡಕು ಏಳುತ್ತದೆ, ಏಕೆಂದರೆ ನಮ್ಮ ನಾಲಿಗೆ ಆ ಭೇದವನ್ನು ಮರೆತು ಬಹುಕಾಲವಾಯಿತು. ಅಂಥಲ್ಲಿ ಅಕ್ಷರದ ಹೆಸರನ್ನೇ ಹೇಳಿ ಮುಂದೆ ಸಾಗಬೇಕು.